ಜೈಲಿಗೆ ಹೋದವನಿಗೆ ಪಾಲಿಲ್ಲವೇ?

ಪ್ರಶ್ನೆ: ನಾವು ಮೂವರು ಮಕ್ಕಳು. ದೊಡ್ಡಣ್ಣ, ನಾನು (ಹೆಣ್ಣುಮಗಳು), ತಮ್ಮ. ತಾಯಿ ತೀರಿ ಹತ್ತು ವರ್ಷವಾಯಿತು. ತಂದೆ ಕಳೆದ ವರ್ಷ ಹೋದರು, ವಿಲ್ ಬರೆದಿಟ್ಟಿಲ್ಲ. ತಾತನ ಕಾಲದಿಂದ ಬಂದ 3 ಎಕರೆ ಜಮೀನಿದೆ. ತಂದೆ ಸ್ವಂತ ದುಡಿಮೆಯಲ್ಲಿ ಕೊಂಡ ಒಂದು ಸೈಟಿದೆ. ಕೆಲವು ವರ್ಷದ ಹಿಂದೆ ಜಾತ್ರೆಯಲ್ಲಿ ನಡೆದ ಹೊಡೆದಾಟದಲ್ಲಿ ಪಕ್ಕದೂರಿನ ಒಬ್ಬರು ಸತ್ತರು. ಆ ಕೇಸಿನಲ್ಲಿ ತಮ್ಮನಿಗೆ 304ನೇ ಸೆಕ್ಷನ್ ಕೆಳಗೆ 7 ವರ್ಷ ಸಜೆ, ಜೊತೆಗೆ ದಂಡ ಆಗಿದೆ. ಈಗ ಅಣ್ಣ 'ಜೈಲಿಗೆ ಹೋದವನಿಗೆ ಪಾಲಿಲ್ಲ' ಎನ್ನುತ್ತಿದ್ದಾನೆ. ಊರ ಹಿರಿಯರೂ ಹೌದೆನ್ನುತ್ತಾರೆ. ವಂಶವೃಕ್ಷದಲ್ಲಿ ತಮ್ಮನ ಹೆಸರು ಬಿಟ್ಟು ಅರ್ಜಿ ಕೊಡಲು ಓಡಾಡುತ್ತಿದ್ದಾನೆ. ಜೈಲಿಗೇ ಹೋಗಿ ಯಾವುದೋ ಕಾಗದಕ್ಕೆ ಸಹಿ ಹಾಕಿಸಿಕೊಂಡು ಬರುತ್ತೇನೆ ಅಂತಲೂ ಹೇಳುತ್ತಿದ್ದಾನೆ. ತಮ್ಮನಿಗೆ ನಿಜವಾಗಿ ಏನೂ ಇಲ್ಲವೇ?

ಉತ್ತರ: ಇದೆ. ನಿಮ್ಮ ಅಣ್ಣನಿಗೆ ಎಷ್ಟಿದೆಯೋ ತಮ್ಮನಿಗೂ ಅಷ್ಟೇ ಇದೆ. ಒಂದು ಗುಂಟೆ ಜಾಸ್ತಿ ಇಲ್ಲ, ಒಂದು ಗುಂಟೆ ಕಡಿಮೆಯೂ ಇಲ್ಲ.

ಇಷ್ಟು ಹೇಳಿ ಪೆನ್ನು ಕೆಳಗಿಡಬಹುದಿತ್ತು. ಆದರೆ ಈ ಪ್ರಶ್ನೆ ನನ್ನ ಮೇಜಿಗೆ ಬರುತ್ತಿರುವುದು ಇದೇ ಮೊದಲಲ್ಲ. ಪಾಲಿಲ್ಲ ಎಂದು ಕಾನೂನೇ ಹೇಳಿದ್ದರಿಂದ ಪಾಲು ಕಳೆದುಕೊಂಡ ಕೈದಿಗಳನ್ನು ನಾನು ನೋಡಿದ್ದು ಬಹಳ ಕಡಿಮೆ. ಕಾಗದದಲ್ಲಿ ಹೆಸರು ಬಿಟ್ಟುಹೋಗಿ, ಆಮೇಲೆ ವರ್ಷಗಳು ಉರುಳಿ ಕಳೆದುಕೊಂಡವರನ್ನು ಮಾತ್ರ ಬೇಕಾದಷ್ಟು ನೋಡಿದ್ದೇನೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ಕಾನೂನು ನೋಡೋಣ. ನಿಮಗೆ ಅನ್ವಯಿಸುವುದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಎಂದು ಅಂದುಕೊಂಡು ಬರೆಯುತ್ತೇನೆ. ವೀರಶೈವ, ಲಿಂಗಾಯತ, ಜೈನ, ಬೌದ್ಧ, ಸಿಖ್ ಕುಟುಂಬಗಳಿಗೂ ಇದೇ ಕಾಯ್ದೆ. ಇದರ 28ನೇ ಸೆಕ್ಷನ್ ಚಿಕ್ಕದು, ಆದರೆ ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಅಲ್ಲೇ. ರೋಗ, ಅಂಗವಿಕಲತೆ ಇಂಥ ಕಾರಣಕ್ಕಾಗಲಿ, ಈ ಕಾಯ್ದೆಯೇ ಹೇಳಿರುವ ಕಾರಣ ಬಿಟ್ಟು ಬೇರೆ ಯಾವುದೇ ಕಾರಣಕ್ಕಾಗಲಿ, ಯಾರಿಗೂ ವಾರಸುದಾರಿಕೆ ತಪ್ಪಿಸುವಂತಿಲ್ಲ ಎನ್ನುತ್ತದೆ ಅದು. 'ಬೇರೆ ಯಾವುದೇ ಕಾರಣ' ಎಂಬ ಮಾತನ್ನು ಗಮನಿಸಿ. ಕಳ್ಳತನ, ವಂಚನೆ, ಗಾಂಜಾ, ಚೆಕ್ ಬೌನ್ಸ್, ಹೊಡೆದಾಟ, ಯಾವುದೇ ಇರಲಿ. ಮೂರು ತಿಂಗಳ ಸಜೆ ಇರಲಿ, ಜೀವಾವಧಿ ಇರಲಿ. ಶಿಕ್ಷೆ ಆಯಿತು ಎಂಬ ಕಾರಣಕ್ಕೇ ಪಾಲು ಹೋಗುವುದಿಲ್ಲ.

ಅಪರಾಧ ಮಾಡಿದವನಿಗೆ ಕಾಯ್ದೆ ಮುಚ್ಚುವ ಬಾಗಿಲು ಒಂದೇ. ಅದು 25ನೇ ಸೆಕ್ಷನ್. ಯಾರನ್ನು ಕೊಂದೆಯೋ ಅವರ ಆಸ್ತಿಗೆ ನೀನು ವಾರಸುದಾರ ಆಗಲಾರೆ. ಕೊಲೆಗೆ ಕುಮ್ಮಕ್ಕು ಕೊಟ್ಟವನಿಗೂ ಅದೇ ಗತಿ. ಜೊತೆಗೆ ಇನ್ನೊಂದು ಎಳೆಯೂ ಇದೆ: ಯಾವ ಆಸ್ತಿ ತನಗೆ ಬರಲಿ ಎಂದು ಕೊಲೆ ಮಾಡಿದನೋ, ಅದು ಸತ್ತವನದೇ ಆಗಿರದಿದ್ದರೂ ಅವನಿಗೆ ಸಿಗುವುದಿಲ್ಲ. ಉದಾಹರಣೆಗೆ, ಅಪ್ಪನ ಆಸ್ತಿ ಪೂರ್ತಿ ತನಗೊಬ್ಬನಿಗೇ ಬರಲಿ ಎಂದು ಒಬ್ಬ ಸ್ವಂತ ಅಣ್ಣನನ್ನು ಮುಗಿಸಿದ ಅಂತಿಟ್ಟುಕೊಳ್ಳಿ. ಅಣ್ಣನ ಆಸ್ತಿಯಷ್ಟೇ ಅಲ್ಲ, ನಾಳೆ ಅಪ್ಪ ತೀರಿಕೊಂಡಾಗ ಅಪ್ಪನ ಆಸ್ತಿಯೂ ಅವನಿಗೆ ದಕ್ಕುವುದಿಲ್ಲ.

ನಿಮ್ಮ ತಮ್ಮನ ಕೇಸಿನಲ್ಲಿ ಸತ್ತವರು ಪಕ್ಕದೂರಿನವರು. ಅವರ ಆಸ್ತಿಗೆ ನಿಮ್ಮ ತಮ್ಮ ಮೊದಲೂ ವಾರಸುದಾರ ಅಲ್ಲ, ಈಗಲೂ ಅಲ್ಲ. ನಿಮ್ಮ ತಂದೆಯ ಸಾವಿಗೂ ಆ ಕೇಸಿಗೂ ಸಂಬಂಧವೇ ಇಲ್ಲ. ಹಾಗಿದ್ದಾಗ 25ನೇ ಸೆಕ್ಷನ್ ನಿಮ್ಮ ಮನೆಯ ಹೊಸ್ತಿಲ ಒಳಗೆ ಕಾಲಿಡುವುದೇ ಇಲ್ಲ. ಹಳೆಯ ದಂಡ ಸಂಹಿತೆಯ 304 ಎನ್ನುವುದು ಕೊಲೆಗಿಂತ ಒಂದು ಮೆಟ್ಟಿಲು ಕೆಳಗಿನ ಅಪರಾಧ, ಅದು ಬೇರೆ ಮಾತು. ಆತನಿಗೆ 302ರ, ಅಂದರೆ ಕೊಲೆಯ ಸೆಕ್ಷನ್ ಕೆಳಗೆ ಜೀವಾವಧಿಯೇ ಆಗಿದ್ದರೂ ನನ್ನ ಉತ್ತರ ಬದಲಾಗುತ್ತಿರಲಿಲ್ಲ.

ಹಾಗಾದರೆ ಊರ ಹಿರಿಯರು ಸುಮ್ನೆ ಹೇಳಿದರೇ? ಪೂರ್ತಿ ಹಾಗಲ್ಲ. ಅವರ ಮಾತಿಗೆ ಬೇರು ಇದೆ, ಆದರೆ ಆ ಬೇರು ಒಣಗಿ ನೂರು ವರ್ಷ ದಾಟಿದೆ. ಹಳೆಯ ಧರ್ಮಶಾಸ್ತ್ರದಲ್ಲಿ 'ಪತಿತ'ನಿಗೆ, ಅಂದರೆ ಪಾಪ ಮಾಡಿ ಜಾತಿ ಕೆಟ್ಟವನಿಗೆ, ಪಾಲಿಲ್ಲ ಎಂದಿತ್ತು. ಜಾತಿಯಿಂದ ಹೊರಗೆ ಹಾಕಿದರು ಎಂಬ ಕಾರಣಕ್ಕೆ ಆಸ್ತಿ ಹಕ್ಕು ಕಿತ್ತುಕೊಳ್ಳುವುದನ್ನು 1850ರಲ್ಲೇ ಒಂದು ಕಾಯ್ದೆ ತಂದು ನಿಲ್ಲಿಸಿದರು. ಆಮೇಲೆ 1860ರಲ್ಲಿ ಬಂದ ದಂಡ ಸಂಹಿತೆಯಲ್ಲಿ 61 ಮತ್ತು 62 ಎಂಬ ಎರಡು ಸೆಕ್ಷನ್ ಇದ್ದವು. ಮರಣದಂಡನೆಗೆ ತಕ್ಕ ಅಪರಾಧ ಮಾಡಿದವನ ಆಸ್ತಿಯನ್ನೆಲ್ಲ ಸರ್ಕಾರಕ್ಕೆ ಮುಟ್ಟುಗೋಲು ಹಾಕಿಕೊಳ್ಳಿ ಎಂದು ನ್ಯಾಯಾಧೀಶರು ಹೇಳಬಹುದಿತ್ತು. ಏಳು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆಯಾದವನ ಜಮೀನಿನ ಆದಾಯ ಅವನು ಒಳಗಿರುವಷ್ಟು ಕಾಲ ಸರ್ಕಾರಕ್ಕೆ ಹೋಗಬಹುದಿತ್ತು. 1921ರಲ್ಲಿ ಆ ಎರಡೂ ಸೆಕ್ಷನ್ ತೆಗೆದುಹಾಕಿದರು. ಕಾನೂನು ಹೋಯಿತು, ಮಾತು ಮಾತ್ರ ಊರಲ್ಲಿ ಉಳಿಯಿತು. ಹಳ್ಳಿಯಲ್ಲಿ ಇಂಥ ಮಾತುಗಳಿಗೆ ಆಯುಸ್ಸು ಜಾಸ್ತಿ.

ಇನ್ನು ಜೈಲಿನಲ್ಲಿರುವವನು ಆಸ್ತಿ ಇಟ್ಟುಕೊಳ್ಳಬಹುದೇ ಎಂಬುದಕ್ಕೆ ಸುಪ್ರೀಂ ಕೋರ್ಟ್ 1974ರಲ್ಲೇ ನೇರ ಉತ್ತರ ಕೊಟ್ಟಿದೆ. ಆ ಕೇಸು ಆಸ್ತಿ ಜಗಳವೇ ಅಲ್ಲ. ವಿಶಾಖಪಟ್ಟಣದ ಸೆಂಟ್ರಲ್ ಜೈಲಿನಲ್ಲಿದ್ದ ನಕ್ಸಲೀಯ ಕೈದಿಗಳು, ಜೈಲಿನ ಗೋಡೆ ಮೇಲೆ ಕರೆಂಟು ತಂತಿ ಎಳೆದಿದ್ದನ್ನು ಪ್ರಶ್ನಿಸಿದ್ದರು. ಆ ತೀರ್ಪಿನಲ್ಲಿ ಕೋರ್ಟ್ ಹೇಳಿದ ಮಾತಿನ ಸಾರ ಇಷ್ಟು: ಶಿಕ್ಷೆಯಾದವನಿಗೆ ಓಡಾಡುವ ಸ್ವಾತಂತ್ರ್ಯ ಹೋಗುತ್ತದೆ, ವೃತ್ತಿ ಮಾಡುವುದು ನಿಲ್ಲುತ್ತದೆ. ಆದರೆ ಆಸ್ತಿ ಪಡೆಯಲು, ಇಟ್ಟುಕೊಳ್ಳಲು, ಮಾರಲು ಜೈಲುವಾಸ ಅಡ್ಡಿಯಲ್ಲ. ಮುಂದೆ 44ನೇ ತಿದ್ದುಪಡಿಯಲ್ಲಿ ಆಸ್ತಿ ಹಕ್ಕು ಮೂಲಭೂತ ಹಕ್ಕುಗಳ ಪಟ್ಟಿಯಿಂದ ಹೊರಗೆ ಬಂತು, ನಿಜ. ಆದರೂ ಸಂವಿಧಾನದ 300ಎ ವಿಧಿಯಲ್ಲಿ ಅದು ಉಳಿದಿದೆ. ಕಾನೂನಿನ ಬಲವಿಲ್ಲದೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಜಮೀನು ಪಿತ್ರಾರ್ಜಿತ ಎಂದಿದ್ದೀರಿ, ಈವರೆಗೆ ಪಾಲಾಗಿಲ್ಲ. 3 ಎಕರೆ ಅಂದರೆ 120 ಗುಂಟೆ. ತಂದೆ ಸಾಯುವ ಮುನ್ನಾ ಕ್ಷಣ ಪಾಲಾಗಿದ್ದರೆ ಎಂದು ಊಹಿಸಿಕೊಳ್ಳಬೇಕು. ಆಗ ತಂದೆ, ಅಣ್ಣ, ನೀವು, ತಮ್ಮ, ನಾಲ್ವರಿಗೂ ತಲಾ 30 ಗುಂಟೆ. ಈ 30 ನಿಮ್ಮ ಮೂವರಿಗೂ ಹುಟ್ಟಿನಿಂದಲೇ ಬಂದದ್ದು. ತಂದೆಯ ಪಾಲಿನ 30 ಗುಂಟೆ ಅವರು ತೀರಿಕೊಂಡ ಮೇಲೆ ಮೂವರಿಗೂ 10, 10, 10. ಒಟ್ಟು ತಲಾ 40 ಗುಂಟೆ, ಒಂದೊಂದು ಎಕರೆ. ಸೈಟು ತಂದೆಯ ಸ್ವಯಾರ್ಜಿತ, ವಿಲ್ ಇಲ್ಲ. ಅದರಲ್ಲೂ ಮೂರರಲ್ಲಿ ಒಂದೊಂದು ಪಾಲು.

ಈ ಹಕ್ಕು ಹುಟ್ಟಲು ನಿಮ್ಮ ತಮ್ಮ ಎಲ್ಲಿಗೂ ಬರಬೇಕಿಲ್ಲ, ಏನಕ್ಕೂ ಸಹಿ ಮಾಡಬೇಕಿಲ್ಲ. ತಂದೆಯ ಉಸಿರು ನಿಂತ ಗಳಿಗೆಯಲ್ಲೇ ಅವರ ಪಾಲು ಮೂವರಿಗೂ ಹಂಚಿಹೋಯಿತು. ತಮ್ಮ ಆಗ ಬ್ಯಾರಕ್ಕಿನಲ್ಲಿ ಮಲಗಿದ್ದರೂ ಸರಿ. ಖಾತೆ, ಪಹಣಿ ಎಲ್ಲ ಆಮೇಲಿನ ಲೆಕ್ಕಪತ್ರ.

ಇಲ್ಲಿ ಒಂದು ಮಾತು. ಇಷ್ಟು ದೊಡ್ಡ ಪತ್ರದಲ್ಲಿ ನಿಮ್ಮ ಸ್ವಂತ ಪಾಲಿನ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ. ತಮ್ಮನ ಚಿಂತೆಯಲ್ಲಿ ಮರೆತಿರೋ, ಹೆಣ್ಣುಮಕ್ಕಳಿಗೆ ಏನಿದ್ದೀತು ಎಂದುಕೊಂಡಿರೋ ಗೊತ್ತಿಲ್ಲ. 2005ರ ತಿದ್ದುಪಡಿ, ಅದರ ಮೇಲೆ 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳು ವಿನೀತಾ ಶರ್ಮಾ ಕೇಸಿನಲ್ಲಿ ಕೊಟ್ಟ ತೀರ್ಪು, ಇವೆರಡರಿಂದ ಮಗಳಿಗೂ ಮಗನ ಹಾಗೆ ಹುಟ್ಟಿನಿಂದಲೇ ಸಮಪಾಲು. ಮದುವೆ ಯಾವಾಗ ಆಯಿತು ಎಂಬುದು ಲೆಕ್ಕಕ್ಕಿಲ್ಲ. ನಿಮ್ಮ ಅಣ್ಣ ತಯಾರು ಮಾಡುತ್ತಿರುವ ವಂಶವೃಕ್ಷದಲ್ಲಿ ನಿಮ್ಮ ಹೆಸರಾದರೂ ಇದೆಯಾ? ದಯವಿಟ್ಟು ಮೊದಲು ಅದನ್ನು ನೋಡಿ.

25ನೇ ಸೆಕ್ಷನ್ ಬಗ್ಗೆ ಇನ್ನಷ್ಟು ಬರೆಯಬೇಕು. ನಿಮಗೆ ಇದು ಬೇಕಾಗಿಲ್ಲ, ಆದರೆ ಓದುವ ಬೇರೆ ಕೆಲವರಿಗೆ ಬೇಕಾಗಬಹುದು. 1956ಕ್ಕೆ ಮೊದಲು ಈ ನಿಯಮ ಬರಹದಲ್ಲಿ ಇರಲಿಲ್ಲ. 1924ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಇದನ್ನು ಒಂದು ಕೇಸಿನಲ್ಲಿ ಹೇಳಿತು. ಕೇಸಿನ ಹೆಸರು ಕೆಂಚವ್ವ ವಿರುದ್ಧ ಗಿರಿಮಲ್ಲಪ್ಪ. ಬಾಂಬೆ ಹೈಕೋರ್ಟಿನಿಂದ ಹೋಗಿದ್ದ ಅಪೀಲು, ಆದರೆ ಹೆಸರು ಕೇಳಿದರೇ ಎಲ್ಲಿಯ ಮಂದಿ ಎಂದು ನಮಗೆ ಗೊತ್ತಾಗುತ್ತದೆ, ಅಲ್ವಾ? ಕೊಲೆಗಾರನನ್ನು ಇಲ್ಲವೇ ಇಲ್ಲ ಎಂದು ಲೆಕ್ಕ ಹಿಡಿಯಬೇಕು, ಅವನಿಂದ ವಾರಸುದಾರಿಕೆಯ ಹೊಸ ಕವಲೂ ಹೊರಡಬಾರದು ಎಂದರು. ಅದಕ್ಕೆ ಕೊಟ್ಟ ಆಧಾರ ನ್ಯಾಯ, ಸಮತೆ, ಒಳ್ಳೆಯ ಮನಸ್ಸಾಕ್ಷಿ. ಕಾನೂನು ಓದುವಾಗ ನನಗೆ ಈ ತೀರ್ಪು ಬಾಯಿಪಾಠ ಆಗಿತ್ತು. ಹೆಸರುಗಳು ಮನೆಯವರ ಹೆಸರಿನ ಹಾಗಿದ್ದವು, ಅದಕ್ಕಿರಬೇಕು.

1956ರ ಕಾಯ್ದೆ ಇದನ್ನೇ 25 ಮತ್ತು 27ನೇ ಸೆಕ್ಷನ್ ಆಗಿ ಬರೆಯಿತು. 27 ಹೇಳುವುದು: ಅನರ್ಹನಾದವನು ಆಸ್ತಿಯ ಒಡೆಯನಿಗಿಂತ ಮೊದಲೇ ಸತ್ತಿದ್ದ ಎಂದುಕೊಂಡು ಪಾಲು ಹಂಚಿ. 2005ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ತಮಿಳುನಾಡಿನ ಒಂದು ಕೇಸು ಬಂತು. ಮಗ ತಂದೆಯನ್ನು ಕೊಂದಿದ್ದ. ಮಗನ ಹೆಂಡತಿ ಮಾವನ ಆಸ್ತಿಯಲ್ಲಿ ಪಾಲು ಕೇಳಿದಳು. ನೀನು ಬರುತ್ತಿರುವುದು ಆ ಮಗನ ಮೂಲಕವೇ, ಅವನಿಗೇ ಇಲ್ಲದ್ದು ನಿನಗೂ ಇಲ್ಲ ಎಂದು ಕೋರ್ಟ್ ಕಳಿಸಿತು. ಹಾಗಾದರೆ ಕೊಂದವನ ಮಕ್ಕಳ ಗತಿ? ಅವರು ಸತ್ತ ತಾತನ ಮೊಮ್ಮಕ್ಕಳು. 27ರ ಅಕ್ಷರ ಹಿಡಿದರೆ 'ಮೊದಲೇ ಸತ್ತ ಮಗನ ಮಕ್ಕಳು' ಎಂದು ಅವರು ನೇರವಾಗಿ ತಾತನ ವಾರಸುದಾರರು. 2005ರ ತೀರ್ಪಿನ ಭಾಷೆ ಹಿಡಿದರೆ ಕವಲೇ ಕಡಿದುಹೋಗಿದೆ. ಇಂಥ ಕೇಸಿನಲ್ಲಿ ಎರಡೂ ಕಡೆ ಗಟ್ಟಿ ವಾದ ಇದೆ. ನನ್ನ ಮನಸ್ಸು ಮಕ್ಕಳ ಕಡೆಗೇ. ಅಪ್ಪ ಮಾಡಿದ್ದಕ್ಕೆ ಮಗು ಯಾಕೆ ಬೀದಿಗೆ ಬೀಳಬೇಕು?

ಇನ್ನೊಂದು ಸೂಕ್ಷ್ಮ. 25ನೇ ಸೆಕ್ಷನ್ನಿನಲ್ಲಿ 'ಶಿಕ್ಷೆಯಾದವನು' ಎಂಬ ಪದ ಇಲ್ಲ. 'ಕೊಲೆ ಮಾಡಿದವನು' ಎಂದಿದೆ. ಹಾಗಾಗಿ ಕ್ರಿಮಿನಲ್ ಕೋರ್ಟಿನಲ್ಲಿ ಸಂಶಯದ ಲಾಭ ಸಿಕ್ಕಿ ಬಿಡುಗಡೆ ಆದವನು, ಸಿವಿಲ್ ಕೋರ್ಟಿನಲ್ಲೂ ತಾನಾಗಿಯೇ ಪಾರಾಗುತ್ತಾನೆ ಎಂದೇನಿಲ್ಲ. ಕ್ರಿಮಿನಲ್ ಕೋರ್ಟಿನಲ್ಲಿ ಸಂಶಯವೇ ಉಳಿಯದಷ್ಟು ಪುರಾವೆ ಬೇಕು. ಸಿವಿಲ್ ಕೋರ್ಟಿನಲ್ಲಿ ಯಾವ ಕಡೆ ತಕ್ಕಡಿ ವಾಲುತ್ತದೆ ಎಂದು ನೋಡುತ್ತಾರೆ. ಗಾಡಿ ಓಡಿಸುವಾಗ ಅಜಾಗರೂಕತೆಯಿಂದ ಆದ ಸಾವು ಕೊಲೆಯಲ್ಲ. ಹೆಂಡತಿ ಪಕ್ಕದ ಸೀಟಿನಲ್ಲಿದ್ದಳು, ಅಪಘಾತದಲ್ಲಿ ಹೋದಳು ಎಂಬ ಕಾರಣಕ್ಕೆ ಗಂಡನ ವಾರಸುದಾರಿಕೆ ತಪ್ಪುವುದಿಲ್ಲ.

ವರದಕ್ಷಿಣೆ ಸಾವಿನದು ಬೇರೆ ಕಥೆ. ಅದು ದಂಡ ಸಂಹಿತೆಯಲ್ಲಿ ಕೊಲೆಯ ಸೆಕ್ಷನ್ನಿನಲ್ಲಿ ಇರಲಿಲ್ಲ, 304ಬಿಯಲ್ಲಿತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 80ರಲ್ಲಿದೆ. 'ಕೊಲೆ ಅಂತ ಇಲ್ಲವಲ್ಲ, ಹಾಗಾದರೆ ಹೆಂಡತಿಯ ಆಸ್ತಿ ನನಗೇ ಬರಬೇಕು' ಎಂದು ಗಂಡಂದಿರ ಕಡೆಯವರು ವಾದ ಮಾಡಿದ್ದುಂಟು. 2023ರಲ್ಲಿ ಬಾಂಬೆ ಹೈಕೋರ್ಟ್, 25ನೇ ಸೆಕ್ಷನ್ನಿನ 'ಕೊಲೆ'ಯಲ್ಲಿ ವರದಕ್ಷಿಣೆ ಸಾವೂ ಸೇರುತ್ತದೆ ಎಂದು ಹೇಳಿದೆ. ಸರಿಯಾಗೇ ಹೇಳಿದೆ. ಇದಲ್ಲದೆ 1961ರ ವರದಕ್ಷಿಣೆ ನಿಷೇಧ ಕಾಯ್ದೆಯ 6ನೇ ಸೆಕ್ಷನ್ ಇದೆ. ಮದುವೆಯಾಗಿ 7 ವರ್ಷದೊಳಗೆ ಹೆಣ್ಣುಮಗಳು ಸಹಜವಲ್ಲದ ರೀತಿಯಲ್ಲಿ ಸತ್ತರೆ, ವರದಕ್ಷಿಣೆಯಾಗಿ ಕೊಟ್ಟದ್ದು ಅವಳ ಮಕ್ಕಳಿಗೆ ಹೋಗಬೇಕು. ಮಕ್ಕಳಿಲ್ಲದಿದ್ದರೆ ಅವಳ ತಂದೆತಾಯಿಗೆ ವಾಪಸು.

ಮುಸ್ಲಿಂ ಕುಟುಂಬಗಳಲ್ಲೂ ಕೊಂದವನಿಗೆ ಸತ್ತವನ ಆಸ್ತಿ ಇಲ್ಲ. ಹನಫಿ ಪಂಥದಲ್ಲಿ ಇದು ಇನ್ನೂ ಬಿಗಿ, ಕೈತಪ್ಪಿ ಆದ ಸಾವಿಗೂ ಅನ್ವಯಿಸುತ್ತದೆ. ಶಿಯಾ ಕಾನೂನಿನಲ್ಲಿ ಬೇಕೆಂದೇ ಕೊಂದಿರಬೇಕು. ಕ್ರೈಸ್ತರಿಗೆ ಅನ್ವಯಿಸುವ 1925ರ ಕಾಯ್ದೆಯಲ್ಲಿ ಇಂಥ ಸೆಕ್ಷನ್ ಇಲ್ಲ, ಆದರೆ ತನ್ನ ಅಪರಾಧದಿಂದ ತಾನೇ ಲಾಭ ಪಡೆಯುವಂತಿಲ್ಲ ಎಂಬ ತತ್ವ ಅಲ್ಲೂ ಕೆಲಸ ಮಾಡುತ್ತದೆ.

ನಿಮ್ಮ ಮನೆಗೆ ವಾಪಸು ಬರುತ್ತೇನೆ. ತಮ್ಮನ ಪಾಲಿಗೆ ಕುತ್ತು ಬರಬಹುದಾದ ನಿಜವಾದ ದಾರಿಗಳು ಕೆಲವಿವೆ. ಒಂದು, ದಂಡ. ಕೋರ್ಟ್ ಹಾಕಿದ ದಂಡ ಕಟ್ಟಿಲ್ಲ ಎಂದರೆ ಅವನ ಆಸ್ತಿಯಿಂದ ವಸೂಲಿ ಮಾಡಬಹುದು. ಜಿಲ್ಲಾಧಿಕಾರಿಗೆ ವಾರಂಟ್ ಹೋದರೆ ಕಂದಾಯ ಬಾಕಿ ವಸೂಲಿ ಮಾಡುವ ಹಾಗೇ ಮಾಡುತ್ತಾರೆ. ಪಾಲಿಗೆ ಬಂದ ಆ ಒಂದು ಎಕರೆಯೂ ಈಗ ಅವನ ಆಸ್ತಿಯೇ. ದಂಡ ಕಟ್ಟದ್ದಕ್ಕೆ ಹೆಚ್ಚುವರಿ ಸಜೆ ಪೂರ್ತಿ ಅನುಭವಿಸಿದ್ದರೆ, ವಿಶೇಷ ಕಾರಣ ಬರೆದಿಡದೆ ಸಾಮಾನ್ಯವಾಗಿ ಮತ್ತೆ ವಾರಂಟ್ ಹೊರಡಿಸುವಂತಿಲ್ಲ. ದಂಡ ಎಷ್ಟು, ಕಟ್ಟಿದೆಯಾ ಎಂದು ತೀರ್ಪಿನ ಪ್ರತಿ ತೆಗೆಸಿ ನೋಡಿ. ಚಿಕ್ಕ ಮೊತ್ತವಾದರೆ ಕಟ್ಟಿಬಿಡಿ.

ಅಕ್ರಮ ಹಣ, ಮಾದಕ ವಸ್ತುವಿನ ಕೇಸುಗಳಲ್ಲಿ ಆಸ್ತಿ ಮುಟ್ಟುಗೋಲಿನ ಬೇರೆ ಕಾಯ್ದೆಗಳಿವೆ. ಅವು ಅಪರಾಧದ ದುಡ್ಡನ್ನು ಹುಡುಕಿಕೊಂಡು ಹೋಗುತ್ತವೆಯೇ ಹೊರತು ವಾರಸುದಾರಿಕೆಯನ್ನಲ್ಲ. ನಿಮಗೆ ಅದರ ತಲೆನೋವಿಲ್ಲ.

ಎರಡು, ವಿಲ್. ಸೈಟು ಸ್ವಯಾರ್ಜಿತ ಆದ್ದರಿಂದ ತಂದೆ ಬಯಸಿದ್ದರೆ ಅದನ್ನು ಒಬ್ಬರಿಗೇ ಬರೆದಿಡಬಹುದಿತ್ತು. ಜಮೀನಿನಲ್ಲಿ ಅವರ ಪಾಲಿನ 30 ಗುಂಟೆಯನ್ನೂ ಬರೆಯಬಹುದಿತ್ತು. ಮಗ ಜೈಲಿಗೆ ಹೋದ ಎಂಬ ಸಿಟ್ಟಿಗೆ ಬರೆದರೂ ಅದು ಅವರ ಹಕ್ಕೇ. ನಿಮ್ಮ ತಮ್ಮನ ಹುಟ್ಟಿನ 30 ಗುಂಟೆಯನ್ನು ಮಾತ್ರ ತಂದೆಯೂ ಮುಟ್ಟುವಂತಿರಲಿಲ್ಲ. ವಿಲ್ ಇಲ್ಲ ಎಂದಿದ್ದೀರಿ. ಸರಿ. ಆದರೆ ದಾವೆ ಬಿದ್ದ ಮೇಲೆ ಹಳೇ ಟ್ರಂಕಿನಿಂದ ವಿಲ್ ಹೊರಬರುವುದು ನಮ್ಮ ಕಡೆ ಅಪರೂಪವೇನಲ್ಲ. ಬಂದರೆ ಗಾಬರಿ ಬೇಡ. ವಿಲ್ ತಂದವನೇ ಅದನ್ನು ಸಾಬೀತು ಮಾಡಬೇಕು. ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಇರಬೇಕು, ಅವರಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕು.

ಮೂರನೆಯದು ನಿಮ್ಮ ಅಣ್ಣ ಹೇಳುತ್ತಿರುವ ಕಾಗದ. ಇದರ ಬಗ್ಗೆ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ಕೆಲವು ವರ್ಷದ ಹಿಂದೆ ಒಬ್ಬರು ಪ್ಲಾಸ್ಟಿಕ್ ಕವರಿನಲ್ಲಿ ಒಂದು ಹಾಳೆ ಸುತ್ತಿಕೊಂಡು ಬಂದರು. ಛಾಪಾ ಕಾಗದ. 'ನನ್ನ ಪಾಲಿನ ಬಾಬ್ತು ಹಣ ನಗದಾಗಿ ಪಡೆದಿರುತ್ತೇನೆ, ಇನ್ನು ಮುಂದೆ ನನಗಾಗಲಿ ನನ್ನ ವಾರಸುದಾರರಿಗಾಗಲಿ ಯಾವುದೇ ಹಕ್ಕು ಇರುವುದಿಲ್ಲ' ಎಂದು ಟೈಪ್ ಮಾಡಿತ್ತು. ಎಷ್ಟು ಹಣ ಎಂಬ ಜಾಗ ಖಾಲಿ. ಕೆಳಗೆ ಎಡಗೈ ಹೆಬ್ಬೆಟ್ಟು, ಸ್ವಲ್ಪ ಕಲಸಿಹೋಗಿತ್ತು. ಬಂದವರು ಹೆಬ್ಬೆಟ್ಟಿನ ಮೇಲೆ ಬೆರಳಿಟ್ಟು ಹೇಳಿದರು: 'ಸಾರ್, ನಾನು ಎಸ್ಸೆಸ್ಸೆಲ್ಸಿ ಪಾಸು. ನನಗೆ ಸಹಿ ಬರುತ್ತೆ.' ಆಮೇಲೆ ದಿನಾಂಕ ನೋಡಿದೆ. ಕಾಗದ ಬರೆದ ಸ್ಥಳ ಅವರ ಹಳ್ಳಿ. ಆ ದಿನ ಅವರು ಜೈಲಿನಲ್ಲಿದ್ದರು. ಪೆರೋಲೂ ಇರಲಿಲ್ಲ. ಜೈಲಿನಿಂದ ಒಂದು ಪುಟದ ದಾಖಲೆ ತರಿಸಿದೆವು, ಕಾಗದ ಬಿದ್ದುಹೋಯಿತು. ಆದರೆ ಆ ಒಂದು ಪುಟ ಕೋರ್ಟಿನ ಕಡತದೊಳಗೆ ಹೋಗಿ ತೀರ್ಪಾಗಿ ಹೊರಬರುವಷ್ಟರಲ್ಲಿ ಅವರ ಕೂದಲು ಪೂರ್ತಿ ಬೆಳ್ಳಗಾಗಿತ್ತು.

ಹಕ್ಕು ಬಿಡುಗಡೆ ಪತ್ರ ರಿಜಿಸ್ಟರ್ ಆಗಲೇಬೇಕು. ಸ್ಥಿರಾಸ್ತಿಯ ಹಕ್ಕನ್ನು ಛಾಪಾ ಕಾಗದದ ಮೇಲೆ ಸಹಿ ಮಾಡಿ ಬಿಟ್ಟುಕೊಡಲು ಆಗುವುದಿಲ್ಲ, ಅದಕ್ಕೆ ಎಷ್ಟೇ ನೋಟರಿ ಮುದ್ರೆ ಒತ್ತಿದರೂ. ಜೈಲಿನಲ್ಲಿರುವವರು ಸಬ್ ರಿಜಿಸ್ಟ್ರಾರ್ ಕಚೇರಿಗೆ ಬರಬೇಕಿಲ್ಲ ಎಂದು 1908ರ ನೋಂದಣಿ ಕಾಯ್ದೆಯ 38ನೇ ಸೆಕ್ಷನ್ ಹೇಳುತ್ತದೆ. ಅಧಿಕಾರಿಯೇ ಜೈಲಿಗೆ ಹೋಗಿ ವಿಚಾರಿಸಬೇಕು, ಇಲ್ಲವೇ ಕಮಿಷನ್ ನೇಮಿಸಬೇಕು. ಮುಕ್ತಾರು ಪತ್ರಕ್ಕೂ (ಪವರ್ ಆಫ್ ಅಟಾರ್ನಿ) ಹೀಗೇ, 33ನೇ ಸೆಕ್ಷನ್. ಅಂದರೆ ಸಂದರ್ಶನದ ಜಾಲರಿಯ ಆಚೆಯಿಂದ ತೂರಿಸಿ ಹಾಕಿಸಿಕೊಂಡ ಸಹಿಗೆ ಪಾಲು ಕಿತ್ತುಕೊಳ್ಳುವ ಬಲ ಇಲ್ಲ. ಅದೇ ಹೊತ್ತಿಗೆ, ರಿಜಿಸ್ಟರ್ ಆಗದ ಕಾಗದ ಅಂತ ಉಡಾಫೆಯೂ ಬೇಡ. 'ಬಾಯಿಮಾತಿನಲ್ಲಿ ಪಾಲಾಗಿತ್ತು, ಇದು ಅದರ ನೆನಪಿಗೆ ಬರೆದ ಪಾರೀಖತ್ತು' ಎಂದು ಅದನ್ನೇ ನಾಳೆ ಬೇರೆ ವೇಷದಲ್ಲಿ ತರುತ್ತಾರೆ. ಮೋಸದಿಂದ ರಿಜಿಸ್ಟರ್ ಮಾಡಿಸಿಕೊಂಡಿದ್ದರೆ, ಗೊತ್ತಾದ ದಿನದಿಂದ 3 ವರ್ಷದೊಳಗೆ ರದ್ದಿಗೆ ದಾವೆ ಹಾಕಬೇಕು.

ಕೊನೆಯದು, ಎಲ್ಲಕ್ಕಿಂತ ದೊಡ್ಡದು, ಗಡಿಯಾರ. ಹೊರಗೆ ಬಂದ ಮೇಲೆ ನೋಡಿಕೊಳ್ಳೋಣ ಎಂದು ನಿಮ್ಮ ತಮ್ಮ ಅಂದುಕೊಂಡಿರಬಹುದು. ಕಾಲಮಿತಿ ಕಾಯ್ದೆ ಅಪ್ರಾಪ್ತರಿಗೆ ಮತ್ತು ಬುದ್ಧಿ ಸ್ಥಿಮಿತದಲ್ಲಿ ಇಲ್ಲದವರಿಗೆ ರಿಯಾಯಿತಿ ಕೊಡುತ್ತದೆ. ಜೈಲಿನಲ್ಲಿದ್ದೆ ಎಂಬುದಕ್ಕೆ ರಿಯಾಯಿತಿ ಇಲ್ಲ. ಒಟ್ಟು ಕುಟುಂಬದ ಆಸ್ತಿಯಿಂದ ನಿನ್ನನ್ನು ಹೊರಗಿಟ್ಟಿದ್ದೇವೆ ಎಂದು ಗೊತ್ತಾದ ದಿನದಿಂದ 12 ವರ್ಷ, ಅಷ್ಟೇ. ಅಣ್ಣ ಇವತ್ತು ಬಾಯಿಬಿಟ್ಟು 'ನಿನಗೆ ಪಾಲಿಲ್ಲ' ಎಂದಿದ್ದಾನೆ. ಆ ಮಾತು ತಮ್ಮನ ಕಿವಿಗೆ ಬಿದ್ದ ದಿನದಿಂದಲೇ ಮುಳ್ಳು ಓಡಲು ಶುರುವಾಯಿತು ಎಂದು ಮುಂದೆ ವಾದ ಮಾಡುತ್ತಾರೆ. 12 ವರ್ಷ ಬಹಳ ಅನಿಸುತ್ತದೆ. ಅಪೀಲು, ಪೆರೋಲು, ಬಿಡುಗಡೆ, ಆಮೇಲೆ ಊರಿಗೆ ಮುಖ ತೋರಿಸಲು ಎರಡು ವರ್ಷ, ಕೆಲಸ ಹುಡುಕಲು ಎರಡು ವರ್ಷ. ಗೊತ್ತಾಗದ ಹಾಗೆ ಕಳೆದುಹೋಗುತ್ತದೆ.

ಈಗ ಮಾಡಬೇಕಾದ್ದು. ವಂಶವೃಕ್ಷ, ಪೌತಿ ಖಾತೆ (ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಎರಡೂ ಅರ್ಜಿಗಳ ಮೇಲೆ ಕಣ್ಣಿಡಿ. ಗ್ರಾಮ ಆಡಳಿತಾಧಿಕಾರಿಗೂ ತಹಶೀಲ್ದಾರರಿಗೂ ಒಂದು ತಕರಾರು ಅರ್ಜಿ ಕೊಡಿ: ಮೂವರು ಮಕ್ಕಳಿದ್ದೇವೆ, ಒಬ್ಬನ ಹೆಸರು ಬಿಟ್ಟಿದ್ದಾರೆ, ಆತ ಇಂಥ ಜೈಲಿನಲ್ಲಿ ಬದುಕಿದ್ದಾನೆ ಎಂದು. ತಂದೆಯ ಮರಣ ಪ್ರಮಾಣಪತ್ರ, ಹಳೆಯ ರೇಷನ್ ಕಾರ್ಡು, ತಮ್ಮನ ಶಾಲೆಯ ವರ್ಗಾವಣೆ ಪತ್ರ ಜೊತೆಗಿರಲಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಬರಬೇಡಿ. ತಕರಾರು ಬಿದ್ದರೆ ಖಾತೆ ಸುಮ್ಮನೆ ಬದಲಾಗುವುದಿಲ್ಲ, ವಿಚಾರಣೆ ಆಗಬೇಕು. ಆದೇಶ ನಿಮಗೆ ವಿರುದ್ಧ ಬಂದರೆ ಉಪವಿಭಾಗಾಧಿಕಾರಿಗೆ ಅಪೀಲು. ಅಣ್ಣನ ಒಬ್ಬನ ಹೆಸರೇ ಪಹಣಿಯ 9ನೇ ಕಾಲಂನಲ್ಲಿ ಕೂತರೂ ಅವನೊಬ್ಬನೇ ಒಡೆಯ ಆಗುವುದಿಲ್ಲ. ಪಹಣಿ ಕಂದಾಯದ ದಾಖಲೆ, ಹಕ್ಕು ತೀರ್ಮಾನಿಸುವುದು ಸಿವಿಲ್ ಕೋರ್ಟ್. ಆದರೆ ಆ ಪಹಣಿ ತೋರಿಸಿ ಅವನು ಮಾರಬಹುದು, ಸಾಲ ಎತ್ತಬಹುದು. ಕೊಂಡವರ ಹಿಂದೆ ಓಡುವುದಕ್ಕಿಂತ ಖಾತೆ ತಡೆಯುವುದು ಸುಲಭ.

ಖಾತೆ ಆಗಿಹೋಗಿದ್ದರೆ ಅಥವಾ ಮಾರಾಟದ ಸುಳಿವು ಸಿಕ್ಕರೆ ತಡಮಾಡದೆ ಪಾಲು ದಾವೆ ಹಾಕಿ, ಜೊತೆಗೆ ಮಾರದಂತೆ ತಡೆಯಾಜ್ಞೆ ಕೇಳಿ. ಇಲ್ಲಿ ನಿಮಗೆ ಒಂದು ಅನುಕೂಲ ಇದೆ. ದಾವೆ ಹಾಕಲು ತಮ್ಮ ಹೊರಗೆ ಬರುವವರೆಗೆ ಕಾಯಬೇಕಿಲ್ಲ. ನೀವೇ ವಾದಿ ಆಗಿ, ಅಣ್ಣನನ್ನೂ ತಮ್ಮನನ್ನೂ ಪ್ರತಿವಾದಿ ಮಾಡಿ. ಪಾಲು ದಾವೆಯಲ್ಲಿ ಯಾರು ಯಾವ ಕಡೆ ನಿಂತರೂ ಎಲ್ಲರೂ ಪಾಲುದಾರರೇ. ತಮ್ಮ ಜೈಲಿನಿಂದಲೇ ವಕಾಲತ್ತಿಗೆ ಸಹಿ ಮಾಡಿ ತನ್ನ ಪಾಲು ಬೇರೆ ಮಾಡಿಕೊಡಿ ಎಂದು ಕೇಳಿಕೊಂಡರೆ, ಕೋರ್ಟ್ ಒಂದೇ ತೀರ್ಪಿನಲ್ಲಿ ಅವನ ಎಕರೆಯನ್ನೂ ಗುರುತಿಸಿಕೊಡುತ್ತದೆ. ಆಸ್ತಿ ಒಟ್ಟಿಗೇ ಅನುಭವಿಸುತ್ತಿದ್ದೇವೆ ಎಂದು ಹೇಳುವಂತಿದ್ದರೆ ಕೋರ್ಟ್ ಶುಲ್ಕವೂ ಕೆಲವು ನೂರು ರೂಪಾಯಿಗೆ ಮುಗಿಯುತ್ತದೆ. ಪೂರ್ತಿ ಹೊರಗೆ ಹಾಕಿದ್ದಾರೆ ಎಂದಾದರೆ ಪಾಲಿನ ಮಾರುಕಟ್ಟೆ ಬೆಲೆ ಮೇಲೆ ಶುಲ್ಕ ಬೀಳುತ್ತದೆ. ಅದೂ ಬೇಗ ಹೊರಡಲು ಒಂದು ಕಾರಣ. ಹೆಣ್ಣುಮಕ್ಕಳಿಗೂ ಬಂಧನದಲ್ಲಿರುವವರಿಗೂ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ, ತಾಲೂಕು ಕೋರ್ಟಿನ ಆವರಣದಲ್ಲೇ ಅವರ ಕಚೇರಿ ಇರುತ್ತದೆ.

ಅಣ್ಣ ಜೈಲಿಗೆ ಹೋಗುವ ಮೊದಲು ನೀವು ಹೋಗಿಬನ್ನಿ. ತಮ್ಮನಿಗೆ ಈ ಪತ್ರ ಪೂರ್ತಿ ಓದಿ ಹೇಳಬೇಕಿಲ್ಲ. ಒಂದು ಎಕರೆ ಅವನದು ಎಂದು ಹೇಳಿ. ಸೂಪರಿಂಟೆಂಡೆಂಟ್ ಮತ್ತು ವಕೀಲರು ಎದುರಿಗಿಲ್ಲದೆ ಯಾವ ಹಾಳೆಗೂ ಸಹಿ ಮಾಡಬೇಡ, ಖಾಲಿ ಹಾಳೆಗಂತೂ ಬೇಡವೇ ಬೇಡ ಎಂದು ಹೇಳಿ. ತೀರ್ಪಿನ ಪ್ರತಿ ಎಲ್ಲಿದೆ, ದಂಡ ಕಟ್ಟಿದೆಯಾ ಎಂದೂ ಕೇಳಿಕೊಂಡು ಬನ್ನಿ.